ಟ್ವೆಂಟಿ ಮತ್ತು ಫಿಫ್ಟಿಯ ನಡುವಿನ ಅಕ್ಷರ

ಬಹ್ರೇನಿನ ಸಲ್ಮಾಬಾದಿನ ಗ್ಯಾರೇಜುಗಳಲ್ಲಿ ಎಂಜಿನ್ ಆಯಿಲಿನ ಹೆಸರನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಡಬ್ಬಿಯ ಮೇಲೆ ಮೊದಲು ಇಪ್ಪತ್ತು, ಆಮೇಲೆ ಇಂಗ್ಲಿಷಿನ ಡಬ್ಲ್ಯೂ, ಆಮೇಲೆ ಐವತ್ತು ಎಂದು ಅಚ್ಚಾಗಿರುತ್ತದೆ. ಬಾಯಲ್ಲಿ ಅದು ಬರೀ ಟ್ವೆಂಟಿ-ಫಿಫ್ಟಿ. ಐದು, ಡಬ್ಲ್ಯೂ, ನಲವತ್ತು ಎಂದಿದ್ದರೆ ಫೈವ್-ಫಾರ್ಟಿ. ಮಲಯಾಳಿಗಳೂ ಹಾಗೆಯೇ, ಪಾಕಿಸ್ತಾನದವರೂ ಹಾಗೆಯೇ, ಗಾಡಿ ತರುವ ಬಹ್ರೇನಿಗಳೂ ಹಾಗೆಯೇ. ಆ ಡಬ್ಲ್ಯೂ ಎಲ್ಲಿ ಬಿದ್ದುಹೋಯಿತೆಂದು ಹುಡುಕಿದವರಿಲ್ಲ.

ಸೇಸಪ್ಪ ಒಬ್ಬ ಮಾತ್ರ ಈಗ ಅದನ್ನು ಹೇಳುತ್ತಾನೆ. "ಟ್ವೆಂಟಿ ಡಬ್ಲ್ಯೂ ಫಿಫ್ಟಿ, ನಾಲ್ಕು ಲೀಟರ್" ಎಂದು ಗಾಡಿಯ ಕೆಳಗಿನ ಗುಂಡಿಯಿಂದ ಅವನು ಕೂಗಿದರೆ ಮೇಲಿದ್ದವರು ನಗುತ್ತಾರೆ. ಬೆನ್ನ ಹಿಂದೆ ಅವನ ಹೆಸರೇ ‘ಡಬ್ಲ್ಯೂ’ ಎಂದಾಗಿದೆ. ಅವನು ತಿರುಗಿ ಮಾತಾಡುವುದಿಲ್ಲ. ಇಪ್ಪತ್ತೆಂಟು ವರ್ಷ ತಾನೂ ಆ ಅಕ್ಷರವನ್ನು ನುಂಗಿದವನೇ.

ಮೂಲ್ಕಿಯ ಕಡೆಯಿಂದ ಬಹ್ರೇನಿಗೆ ಬಂದಾಗ ಅವನಿಗೆ ಇಪ್ಪತ್ತಾರು. ಅಂದಿನಿಂದ ಇಂದಿನವರೆಗೆ ಒಂದೇ ಕೆಲಸ, ಎಂಜಿನ್ ಆಯಿಲ್ ಬದಲಿಸುವುದು. ಹಳೆಯ ಎಣ್ಣೆ ಇಳಿಸಿ, ಫಿಲ್ಟರ್ ತೆಗೆದು, ಹೊಸದನ್ನು ತುಂಬುವುದರಲ್ಲಿ ಅವನ ಕೈ ಅಷ್ಟು ಪಳಗಿತ್ತು. ಎಣ್ಣೆಯನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ತಿಕ್ಕಿ, ಕಣ್ಣು ಮುಚ್ಚಿ, "ಇದು ಆರು ಸಾವಿರ ಓಡಿದೆ" ಎನ್ನುತ್ತಿದ್ದ. ಮೀಟರ್ ನೋಡಿದರೆ ನೂರಿನ್ನೂರು ಆಚೀಚೆ ಇರುತ್ತಿತ್ತು, ಅಷ್ಟೇ. ಜುಲೈಯಲ್ಲಿ ಗುಂಡಿಯ ಸಿಮೆಂಟು ಕೂಡ ಮುಟ್ಟಲಾಗದಷ್ಟು ಕಾಯುವ ಊರು ಅದು. ಆ ಬಿಸಿಗೆ ತೆಳ್ಳಗಿನ ಎಣ್ಣೆ ನೀರಾಗಿಬಿಡುತ್ತದೆ. ಅದಕ್ಕೇ ಅವನ ಶಾಸ್ತ್ರ ಒಂದೇ ಸಾಲಿನದ್ದಾಗಿತ್ತು: ದಪ್ಪ ಎಣ್ಣೆಯೇ ಎಂಜಿನಿಗೆ ಅನ್ನ.

ಅವನು ಮದುವೆಯಾಗಲಿಲ್ಲ. ತಂಗಿ ಅಮ್ಮಣ್ಣಿಯ ಗಂಡ ಕಾಮಾಲೆಯಲ್ಲಿ ತೀರಿಹೋದಾಗ ಅವಳ ಮಗ ನವನೀತನಿಗೆ ಮೂರು ವರ್ಷ. ಅವರ ಕಡೆ ತಂಗಿಯ ಮಗನೇ ಮನೆಯ ಮುಂದಿನವನು, ಮಾವನ ಮಾತೇ ಕಡೆಯ ಮಾತು. ಮಾವ ಸಮುದ್ರದ ಆಚೆ ಇದ್ದರೂ ಅಮ್ಮಣ್ಣಿ ಆ ಕ್ರಮ ತಪ್ಪಿಸಿದವಳಲ್ಲ. ಹುಡುಗ ಸೈಕಲ್ ಕೇಳಿದರೆ, "ಮಾವನಲ್ಲಿ ಕೇಳು." ಹತ್ತನೆಯದಾದ ಮೇಲೆ ಯಾವ ಕಾಲೇಜು ಎಂದರೆ, "ಮಾವನಲ್ಲಿ ಕೇಳು." ಶುಕ್ರವಾರ ಸೇಸಪ್ಪನಿಗೆ ರಜೆ. ಅವತ್ತು ಫೋನು ಬಂದರೆ ಏನೋ ಒಂದು ಕೇಳಲಿಕ್ಕಿರುತ್ತಿತ್ತು. ಸೆಗಯಾದ ಬಾಡಿಗೆ ಕೋಣೆಯಲ್ಲಿ ಮಂಚದ ತುದಿಗೆ ಕೂತು ಅವನು ಗಂಭೀರವಾಗಿ ಯೋಚಿಸಿ ಉತ್ತರ ಹೇಳುತ್ತಿದ್ದ. ಅವನ ಇಡೀ ಸಂಸಾರವೆಂದರೆ ಆ ಪ್ರಶ್ನೆಗಳೇ.

ನವನೀತ ದೊಡ್ಡವನಾಗಿ, ಹೆವಿ ಲೈಸೆನ್ಸ್ ಮಾಡಿಕೊಂಡು, ಮಾವನ ಬಳಿಗೇ ಬಂದ. ಐದು ವರ್ಷ ಬಹ್ರೇನಿನಲ್ಲಿ ಟ್ರೈಲರ್ ಓಡಿಸಿದ. ರಜೆಯ ದಿನ ಗ್ಯಾರೇಜಿಗೂ ಬರುತ್ತಿದ್ದ. ಮೂರು ಬೆರಳಲ್ಲಿ ಎಣ್ಣೆ ತಿಕ್ಕಿ ನೋಡುವುದನ್ನು ಸೇಸಪ್ಪ ಕಲಿಸಿಕೊಟ್ಟದ್ದು ಅವನೊಬ್ಬನಿಗೇ. ಆಮೇಲೆ ಗೆಳೆಯರ ಮಾತು ಕೇಳಿ ಯುರೋಪಿನ ಲಿಥುವೇನಿಯಾಕ್ಕೆ ಹೊರಟ. ಅಲ್ಲಿ ಲಾರಿ ಡ್ರೈವರುಗಳಿಗೆ ಬೇಡಿಕೆಯಂತೆ. ಸೇಸಪ್ಪ ಬೇಡವೆಂದ. ಅಮ್ಮಣ್ಣಿ ಫೋನಿನಲ್ಲಿ ಅತ್ತಳು. ನವನೀತ ಮಾವನ ಕಾಲು ಮುಟ್ಟಿ ಹೊರಟೇಬಿಟ್ಟ. ಅವನು ಮಾವನ ಮಾತು ಮೀರಿದ್ದು ಅದೊಂದೇ ಸಲ.

ಹೋದದ್ದು ಏಪ್ರಿಲಿನಲ್ಲಿ. ಬೇಸಿಗೆ ಸುಖವಾಗಿ ಕಳೆಯಿತು. ಲಾರಿ ಯಾರ್ಡಿನಿಂದ ಅವನ ಕೋಣೆಗೆ ಹದಿನಾಲ್ಕು ಕಿಲೋಮೀಟರ್, ಬಸ್ಸು ಕಡಿಮೆ. ಹದಿನೆಂಟು ವರ್ಷದ ಒಂದು ಹಳೆಯ ಡೀಸೆಲ್ ಕಾರು ತಗೊಂಡ. ಅಕ್ಟೋಬರಿನಲ್ಲಿ ಒಂದು ದಿನ ಸೇಸಪ್ಪ ಬಕೆಟ್ ಬೋರಲು ಹಾಕಿ ಕೂತು ಬೂತಾಯಿ ಮೀನಿನ ಸಾರಿನಲ್ಲಿ ಊಟ ಮಾಡುತ್ತಿದ್ದಾಗ ವಿಡಿಯೋ ಕರೆ ಬಂತು.

"ಮಾವ, ಆಯಿಲ್ ಅಂಗಡಿಯಲ್ಲಿದ್ದೇನೆ. ಯಾವುದು ಹಾಕ್ಲಿ?"

"ಇದ್ದದ್ದನ್ನೆಲ್ಲ ತೋರಿಸು."

ಫೋನು ಕಪಾಟಿನ ಉದ್ದಕ್ಕೂ ಸರಿಯಿತು. ಝೀರೊ-ಥರ್ಟಿ, ಫೈವ್-ಥರ್ಟಿ, ಫೈವ್-ಫಾರ್ಟಿ. ಎಲ್ಲವೂ ಸಿಂಥೆಟಿಕ್, ಕಾರ್ಖಾನೆಯಲ್ಲಿ ತಯಾರಿಸಿದ ದುಬಾರಿ ಎಣ್ಣೆ.

"ಝೀರೊ ಅಂದ್ರೆ ಎಂತದಾ? ಒಳಗೆ ಎಣ್ಣೆಯೇ ಇಲ್ಲ ಅಂತಲಾ?"

ನವನೀತ ನಕ್ಕ. "ಇಲ್ಲಿ ಎಲ್ಲರೂ ಅದನ್ನೇ ಹಾಕುವುದು ಮಾವ."

"ಎಲ್ಲರ ಗಾಡಿ ಹೊಸತು. ನಿನ್ನದು ಮುದುಕ. ಮುದುಕನಿಗೆ ಗಂಜಿತಿಳಿ ಕೊಟ್ಟರೆ ಸಾಕಾ? ಬೆರಳಲ್ಲಿ ನೋಡು."

ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಎಣ್ಣೆಯ ಡ್ರಮ್ಮಿತ್ತು. ನವನೀತ ಅದರ ನಲ್ಲಿಯ ತುದಿಯ ಹನಿ ಮುಟ್ಟಿ, ಮೂರು ಬೆರಳಲ್ಲಿ ತಿಕ್ಕಿ, ಮಾವ ಮಾಡುವ ಹಾಗೆಯೇ ಕಣ್ಣು ಮುಚ್ಚಿದ. "ನೀರಿನ ಹಾಗುಂಟು."

"ಅದೇ ಹೇಳಿದ್ದು. ಟ್ವೆಂಟಿ-ಫಿಫ್ಟಿ ಉಂಟಾ ಕೇಳು."

ಅದು ಕೆಳಗಿನ ಸಾಲಿನಲ್ಲಿ ಧೂಳು ಹಿಡಿದು ಕೂತಿತ್ತು. ನವನೀತ ಡಬ್ಬಿ ಎತ್ತಿದ್ದೇ ಅಂಗಡಿಯ ಹೆಂಗಸು ಓಡಿ ಬಂದಳು. ಎರಡೂ ಕೈಗಳಿಂದ ಎದೆ ತಬ್ಬಿಕೊಂಡಳು, ಗಡಗಡ ನಡುಗಿದಳು, ಹಲ್ಲು ಕಟಕಟ ಮಾಡಿದಳು. ಕ್ಯಾಲೆಂಡರಿನ ಕಡೆಯ ಹಾಳೆಗೆ ಬೆರಳು ಬಡಿದಳು.

"ಅವಳಿಗೆಂತ ಆಯ್ತಾ? ಜ್ವರವಾ?"

"ಯಕ್ಷಗಾನ ಮಾಡ್ತಾ ಇದ್ದಾಳೆ ಮಾವ. ಚಳಿ ಬರ್ತದೆ ಅಂತ ಹೇಳುವುದೋ ಏನೋ."

"ಚಳಿ ಮನುಷ್ಯರಿಗೆ ಮಾರಾಯ. ಎಂಜಿನಿನ ಹೊಟ್ಟೆಯಲ್ಲಿ ಬೆಂಕಿ ಉಂಟು, ಅದಕ್ಕೆಂತ ಚಳಿ? ಇದ್ರೂ ಚಳಿಗೆ ದಪ್ಪ ಕಂಬಳಿಯೇ ಅಲ್ವಾ ಒಳ್ಳೆಯದು? ದುಬಾರಿಯದ್ದು ಮಾರ್ಲಿಕ್ಕೆ ಅಂಗಡಿಯವರು ಎಲ್ಲ ವೇಷವನ್ನೂ ಹಾಕ್ತಾರೆ. ನೀನು ದಪ್ಪದ್ದೇ ತಕ್ಕೊ."

ಆ ಹೆಂಗಸಿನ ನಡುಕ ನೆನೆದು ಇಬ್ಬರೂ ನಕ್ಕರು. ಸೇಸಪ್ಪನ ಊಟ ಆರಿತ್ತು. ಆದರೂ ಅವತ್ತು ರುಚಿಯಾಗಿಯೇ ಹೋಯಿತು. ಅಷ್ಟು ದೂರ ಹೋದರೂ ಅಳಿಯ ತನ್ನನ್ನೇ ಕೇಳಿದ್ದ.

ಜನವರಿಯ ಕೊನೆಗೆ ಆಸ್ಪತ್ರೆಯಿಂದ ಫೋನು ಬಂತು. ನವನೀತ ಎರಡು ವಾರದ ಲಾರಿ ಪ್ರಯಾಣ ಮುಗಿಸಿ ಶನಿವಾರ ಯಾರ್ಡಿಗೆ ಮರಳಿದ್ದ. ಲಾರಿಯನ್ನು ಮುಂದಿನ ಡ್ರೈವರ್ ತಕ್ಷಣ ಕೊಂಡುಹೋದ. ಕಚೇರಿಗೆ ಬೀಗ ಬಿದ್ದಿತ್ತು. ಹಿಮದಲ್ಲಿ ಎರಡು ವಾರ ನಿಂತ ಕಾರಿನ ಕೀಲಿ ತಿರುಗಿಸಿದರೆ ಎಂಜಿನ್ ಒಮ್ಮೆ ನರಳಿತು, ಎರಡು ಸಲ ನರಳಿತು, ನಿಂತಿತು. ಬ್ಯಾಟರಿಯೂ ಸತ್ತಿತು. ಚಳಿಗೆ ಫೋನೂ ಆರಿಹೋಯಿತು. ಅವನು ಕೈಗವಸು ಬಿಚ್ಚಿ, ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದು, ಬ್ಯಾಟರಿಯ ತಂತಿ ಬಿಗಿ ಮಾಡುತ್ತ ಅರ್ಧ ಗಂಟೆ ಒದ್ದಾಡಿದ. ಆಮೇಲೆ ನಡೆಯತೊಡಗಿದ. ಆರು ಕಿಲೋಮೀಟರಾದ ಮೇಲೆ ಒಂದು ಹಾಲಿನ ವ್ಯಾನು ಸಿಕ್ಕಿತು. ಅವತ್ತು ಅಲ್ಲಿ ಸೊನ್ನೆಗಿಂತ ಇಪ್ಪತ್ತೊಂಬತ್ತು ಡಿಗ್ರಿ ಕೆಳಗೆ.

ಚಳಿಗೆ ಮರಗಟ್ಟಿ ಸತ್ತ ಬೆರಳುಗಳನ್ನು ಕತ್ತರಿಸಬೇಕಾಯಿತು. ಬಲಗೈಯ ಹೆಬ್ಬೆರಳಿನ ತುದಿ ಹೋಯಿತು, ಪಕ್ಕದ ಎರಡು ಬೆರಳು ಅರ್ಧರ್ಧ ಹೋದವು. ಎಣ್ಣೆ ತಿಕ್ಕಿ ನೋಡುವ ಬೆರಳುಗಳೇ.

"ನನ್ನದೇ ತಪ್ಪು ಮಾವ," ಎಂದ ನವನೀತ. "ಬ್ಯಾಟರಿ ಬದಲಿಸಬೇಕಿತ್ತು."

ಸೇಸಪ್ಪನೂ ಬ್ಯಾಟರಿಯನ್ನೇ ಬೈದ. ಊರಿನಲ್ಲಿ ಅಮ್ಮಣ್ಣಿ ಬ್ಯಾಟರಿಯನ್ನು ಬೈಯಲಿಲ್ಲ, ಮಗನನ್ನು ಬೈದಳು. "ಅಣ್ಣ, ನಾನು ಬಡಕೊಂಡೆ. ಮಾವನ ಮಾತು ಮೀರಿ ಹೋದವನಿಗೆ ಇನ್ನೆಂತ ಆಗ್ತದೆ? ನಿನ್ನ ಮಾತು ಕೇಳಿದ್ದರೆ ಬೆರಳು ಇರ್ತಿತ್ತು." ವಾರ ವಾರವೂ ಅದೇ ಮಾತು. ಮಗನಿಗೆ ಫೋನು ಮಾಡಿದರೂ ಅದನ್ನೇ ಹೇಳಿ ಇಟ್ಟುಬಿಡುತ್ತಿದ್ದಳು. ಸೇಸಪ್ಪ "ಹಣೆಬರಹ ತಂಗಿ" ಎನ್ನುತ್ತಿದ್ದ. ನಿಜವಾಗಿಯೂ ಹಾಗೆಂದೇ ನಂಬಿದ್ದ.

ಏಪ್ರಿಲಿನಲ್ಲಿ ವಾಯೊಲೆಟ್ ಬಾಯಿ ಗಾಡಿ ತಂದಳು. ಮಾಹೂಝ್‌ನಲ್ಲಿ ಮನೆ, ಆಸ್ಪತ್ರೆಯಲ್ಲಿ ನರ್ಸ್, ಹದಿನೈದು ವರ್ಷದಿಂದ ಗಿರಾಕಿ. ಸೇಸಪ್ಪ ಗುಂಡಿಗಿಳಿದು ಕೆಳಗಿನ ನಟ್ಟು ಬಿಚ್ಚುತ್ತಿದ್ದ. ಅವಳು ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಆಯಿಲ್ ಡಬ್ಬಿಯ ಬೆನ್ನು ಓದುತ್ತಿದ್ದಳು.

"ಎಂತ ಬಾಯಿ, ಪ್ರಾರ್ಥನೆ ಪುಸ್ತಕವಾ ಅದು?"

"ನಮಗೆ ಅಭ್ಯಾಸ ಸೇಸಪ್ಪಣ್ಣ. ಇಂಜೆಕ್ಷನ್ ಬಾಟ್ಲಿಯನ್ನು ಮೂರು ಸಲ ಓದದೆ ಸೂಜಿ ಮುಟ್ಟುವುದಿಲ್ಲ. ಒಂದು ಅಕ್ಷರ ತಪ್ಪಿದ್ರೆ ಜೀವ ಹೋಗ್ತದೆ." ಡಬ್ಬಿ ತಿರುಗಿಸಿ ಅವಳೇ ಕೇಳಿದಳು: "ಈ ಡಬ್ಲ್ಯೂ ಅಂದ್ರೆ ವಿಂಟರ್ ಅಂತೆ, ಗೊತ್ತುಂಟಾ?"

"ಎಂತ ವಿಂಟರ್?"

"ಚಳಿಗಾಲ. ಡಬ್ಲ್ಯೂಗಿಂತ ಮುಂಚಿನ ನಂಬರು ಚಳಿಯದ್ದು, ಆಮೇಲಿನದ್ದು ಬಿಸಿಯದ್ದು. ಮೊದಲಿನದ್ದು ಸಣ್ಣದಾದಷ್ಟು ಚಳಿಯಲ್ಲಿ ಬೇಗ ಹರಿಯುತ್ತದಂತೆ. ಇಲ್ಲಿ ಪಟ್ಟಿ ಕೊಟ್ಟಿದ್ದಾರೆ. ಝೀರೊ ಆದ್ರೆ ಮೈನಸ್ ಮೂವತ್ತೈದರಲ್ಲೂ ಗಾಡಿ ಸ್ಟಾರ್ಟ್ ಆಗ್ತದೆ. ಫೈವ್ ಆದ್ರೆ ಮೂವತ್ತು. ಈ ಟ್ವೆಂಟಿ ಮೈನಸ್ ಹದಿನೈದಕ್ಕೇ ನಿಂತುಬಿಡ್ತದೆ." ಅವಳು ನಕ್ಕಳು. "ಬಹ್ರೇನಿನಲ್ಲಿ ಇದನ್ನು ಯಾರಿಗೆ ಅಂತ ಬರೀತಾರೋ."

ನಟ್ಟು ಕಳಚಿತು. ಬಿಸಿ ಎಣ್ಣೆ ಸೇಸಪ್ಪನ ಮುಂಗೈ ಮೇಲೆ ಸುರಿದು ಮೊಣಕೈವರೆಗೆ ಇಳಿಯಿತು. ಅವನು ಕೈ ಸರಿಸಲಿಲ್ಲ.

"ಬಾಯಿ, ಮೈನಸ್ ಇಪ್ಪತ್ತೊಂಬತ್ತಕ್ಕೆ ಈ ಟ್ವೆಂಟಿ..."

"ಟ್ವೆಂಟಿಗೆ ಅಷ್ಟು ಚಳಿ ಪಟ್ಟಿಯಲ್ಲೇ ಇಲ್ಲ ಸೇಸಪ್ಪಣ್ಣ. ಯಾಕೆ, ಕೈ ಸುಟ್ಟಿತಾ? ಮೇಲೆ ಬನ್ನಿ ನೋಡುವಾ."

ಕೈಗೆ ಮುಲಾಮು ಹಚ್ಚಿದಳು. ಅವಳು ಓದಿದ್ದು ತಪ್ಪಿರಬಹುದು, ಅಚ್ಚು ಮಾಡಿದವನದ್ದೇ ತಪ್ಪಿರಬಹುದು ಎಂದು ಎರಡು ದಿನ ಮನಸ್ಸಿನೊಳಗೇ ವಾದ ಮಾಡಿದ. ಮೂರನೆಯ ದಿನ ಎರಡು ನೀರಿನ ಬಾಟ್ಲಿಗಳಲ್ಲಿ ಎಣ್ಣೆ ತುಂಬಿಸಿಕೊಂಡ. ಒಂದರಲ್ಲಿ ಗ್ಯಾರೇಜಿನ ಟ್ವೆಂಟಿ-ಫಿಫ್ಟಿ, ಇನ್ನೊಂದರಲ್ಲಿ ಯಾರದೋ ಹೊಸ ಗಾಡಿಗೆ ಹಾಕಿ ಉಳಿದ ಝೀರೊ-ಫಾರ್ಟಿ ಸಿಂಥೆಟಿಕ್.

ಅವನ ಕೋಣೆಯ ಕೆಳಗೇ ಉಳ್ಳಾಲದ ನಿಝಾಮನ ಕೋಲ್ಡ್ ಸ್ಟೋರ್. ಬಹ್ರೇನಿನಲ್ಲಿ ಬೀದಿಬದಿಯ ಕಿರಾಣಿ ಅಂಗಡಿಗೆ ಹಾಗೆನ್ನುತ್ತಾರೆ. ಅಕ್ಕಿ, ಸಾಬೂನು, ಈರುಳ್ಳಿ ಎಲ್ಲ ಇರುತ್ತದೆ. ಕೋಲ್ಡ್ ಎನ್ನುವಂಥದ್ದು ಮೂಲೆಯ ಐಸ್‌ಕ್ರೀಮ್ ಪೆಟ್ಟಿಗೆ ಒಂದೇ. ಶುಕ್ರವಾರ ಬೆಳಿಗ್ಗೆ ಸೇಸಪ್ಪ ಬಾಟ್ಲಿಗಳನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಇದನ್ನು ಐಸ್‌ಕ್ರೀಮಿನ ಜೊತೆ ಇಡು ನಿಝಾಮ್."

"ಎಂತ ಸೇಸಪ್ಪಣ್ಣ, ಹೊಸ ಫ್ಲೇವರಾ? ಮಕ್ಕಳು ನೆಕ್ಕಿ ನೋಡಿದ್ರೆ ನನ್ನನ್ನು ಊರಿಗೆ ಕಳಿಸ್ತಾರೆ ಮಾರಾಯ್ರೆ."

"ಅಡಿಯಲ್ಲಿಡು. ಸಂಜೆ ತೆಗೀತೇನೆ."

ಸಂಜೆ ಪೆಟ್ಟಿಗೆಯ ಮೀಟರ್ ಮೈನಸ್ ಇಪ್ಪತ್ತು ತೋರಿಸುತ್ತಿತ್ತು. ಸೇಸಪ್ಪ ಮೊದಲು ಸಿಂಥೆಟಿಕ್ ಬಾಟ್ಲಿಯನ್ನು ಬೋರಲು ಹಿಡಿದ. ಎಣ್ಣೆ ಸೋಮಾರಿಯಾಗಿ ಜೇನಿನ ಹಾಗೆ ಇಳಿದು ಮುಚ್ಚಳಕ್ಕೆ ಬಂದು ಕೂತಿತು. ಆಮೇಲೆ ಇನ್ನೊಂದನ್ನು ಬೋರಲು ಹಿಡಿದ. ಎಣ್ಣೆ ಮೇಲೆಯೇ ನಿಂತಿತ್ತು. ಅವನು ಇಪ್ಪತ್ತರವರೆಗೆ ಎಣಿಸಿದ. ಅಂಚಿನಿಂದ ಗಟ್ಟಿ ಬೆಲ್ಲದ ಹಾಗೆ ಒಂದು ನಾಲಿಗೆ ಹೊರಟು ಅರ್ಧದಲ್ಲೇ ಉಳಿಯಿತು. ಇದು ಇಪ್ಪತ್ತು. ಅಲ್ಲಿ ಇನ್ನೂ ಒಂಬತ್ತು ಕೆಳಗಿತ್ತು.

"ಗಟ್ಟಿಯಾಯ್ತಲ್ಲ. ತೆಂಗಿನೆಣ್ಣೆ ಹಾಗೆ," ಎಂದ ನಿಝಾಮ್.

ಆ ಮಾತು ಸೇಸಪ್ಪನ ಎದೆಗೆ ನಾಟಿತು. ಪ್ರತಿ ಜನವರಿಯಲ್ಲೂ ಅವನ ತಲೆಗೆ ಹಚ್ಚುವ ಎಣ್ಣೆಯ ಬಾಟ್ಲಿ ಕಿಟಕಿಯಲ್ಲಿ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಮುಳುಗಿಸಿ ಕರಗಿಸಿಕೊಳ್ಳುತ್ತಾನೆ. ಇಪ್ಪತ್ತೆಂಟು ವರ್ಷ ಹೀಗೆ ಕೈಯಲ್ಲಿ ಹಿಡಿದು ನೋಡಿದ್ದು ಗ್ಯಾರೇಜಿನ ಎಣ್ಣೆಗೂ ಆದೀತೆಂದು ತಲೆಗೆ ಹೋಗಿರಲಿಲ್ಲ. ಆಮೇಲೆ ಅವನು ಅವರಿವರನ್ನು ಕೇಳಿ ತಿಳಿದುಕೊಂಡ. ನೆಲದಡಿಯಿಂದ ಬಂದ ಮಾಮೂಲಿ ಎಣ್ಣೆಯಲ್ಲಿ ಸ್ವಲ್ಪ ಮೇಣ ಉಳಿದಿರುತ್ತದೆ. ಚಳಿಗೆ ಅದು ಹೆಪ್ಪುಗಟ್ಟಿ ಎಣ್ಣೆಯನ್ನೂ ಹಿಡಿದು ನಿಲ್ಲಿಸುತ್ತದೆ. ಎಂಜಿನ್ ತಿರುಗಲಾರದೆ ಬ್ಯಾಟರಿಯ ಉಸಿರನ್ನೆಲ್ಲ ಹೀರಿಬಿಡುತ್ತದೆ. ಸಿಂಥೆಟಿಕ್ಕಿನಲ್ಲಿ ಆ ಮೇಣ ಇರುವುದಿಲ್ಲ, ಅದಕ್ಕೇ ಹರಿಯುತ್ತದೆ. ಅಂಗಡಿಯ ಹೆಂಗಸು ನಡುಗಿ ತೋರಿಸಿದ್ದು ಇದನ್ನೇ.

ಮಾವನ ಮಾತು ಮೀರಿದ್ದಕ್ಕೆ ಬೆರಳು ಹೋಯಿತೆಂದು ಅಮ್ಮಣ್ಣಿ ಊರಿಡೀ ಹೇಳಿಕೊಂಡಿದ್ದಳು. ಬೆರಳು ಹೋದದ್ದು ಮಾವನ ಮಾತು ಕೇಳಿದ್ದಕ್ಕೆ.

ಅವನು ಬಾಟ್ಲಿಗಳನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟ. ಶುಕ್ರವಾರಗಳು ಬಂದವು, ಹೋದವು. ಫೋನಿನಲ್ಲಿ ಅಮ್ಮಣ್ಣಿ ಮಗನನ್ನು ಬೈಯುವಾಗ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದ, ಮಳೆ ಬಂತಾ ಎಂದು ಕೇಳಿ ಮುಗಿಸುತ್ತಿದ್ದ. ಹೇಳಿದ ಮೇಲೆ ಆ ಮನೆಯಲ್ಲಿ ತನ್ನ ಮಾತಿಗೆ ಏನು ಉಳಿದೀತು? ಆ ಮಾತು ಬಿಟ್ಟರೆ ಈ ಲೋಕದಲ್ಲಿ ತನಗೆ ಇರುವುದಾದರೂ ಏನು? "ಹಣೆಬರಹ" ಎಂಬ ಮಾತನ್ನು ಮಾತ್ರ ಅವನು ಮತ್ತೆ ಆಡಲಿಲ್ಲ.

ಬೆರಳಿಲ್ಲದ ಕೈಗೆ ಲಾರಿ ಕೊಡಲಾಗುವುದಿಲ್ಲವೆಂದು ಕಂಪನಿ ಹೇಳಿತು. ಜೂನಿನಲ್ಲಿ ನವನೀತ ಊರಿಗೆ ಹೊರಟ. ದಾರಿಯಲ್ಲಿ ಎರಡು ದಿನ ಬಹ್ರೇನಿನಲ್ಲಿ ಇಳಿದ. ವಿಮಾನ ನಿಲ್ದಾಣದಲ್ಲಿ ಬಲಗೈಯನ್ನು ಪ್ಯಾಂಟಿನ ಕಿಸೆಯಲ್ಲೇ ಇಟ್ಟುಕೊಂಡು ಎಡಗೈಯಿಂದ ಮಾವನ ಕಾಲು ಮುಟ್ಟಿದ. "ತಪ್ಪು ತಿಳ್ಕೊಬೇಡಿ ಮಾವ, ಎಡಗೈ" ಎಂದ. ಸೇಸಪ್ಪ ಅವನ ಮುಖ ನೋಡಲಾರದೆ ಬ್ಯಾಗು ಎತ್ತಿಕೊಂಡ.

ಮರುದಿನ ಮಧ್ಯಾಹ್ನ ಅವನನ್ನು ಕೋಲ್ಡ್ ಸ್ಟೋರಿಗೆ ಕರೆದುಕೊಂಡು ಹೋದ.

"ಅಂತೂ ನನ್ನ ಕುಲ್ಫಿಯ ಜಾಗ ಖಾಲಿ ಮಾಡ್ಲಿಕ್ಕೆ ಬಂದ್ರಾ?" ಎಂದು ನಿಝಾಮ್ ಶುರುಮಾಡಿದವನು ಸೇಸಪ್ಪನ ಮುಖ ನೋಡಿ ಸುಮ್ಮನೆ ಒಳಗೆ ಹೋದ.

ಸೇಸಪ್ಪ ಎರಡೂ ಬಾಟ್ಲಿಗಳನ್ನು ತೆಗೆದು ಒಟ್ಟಿಗೇ ಬೋರಲು ಹಿಡಿದ. ಒಂದು ಇಳಿಯಿತು, ಒಂದು ನಿಂತಿತು.

"ಈ ನಿಂತದ್ದು ನಿನಗೆ ನಾನು ಹಾಕಿಸಿದ್ದು," ಎಂದ. "ಡಬ್ಲ್ಯೂ ಅಂದ್ರೆ ಚಳಿಗಾಲ ಅಂತೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ. ಬ್ಯಾಟರಿ ಅಲ್ಲ ನವನೀತ. ನಾನು."

ಎಣ್ಣೆ ನಿಂತ ಬಾಟ್ಲಿಯನ್ನು ತೆಗೆದುಕೊಳ್ಳಲು ನವನೀತ ಮರೆವಿನಲ್ಲಿ ಬಲಗೈಯನ್ನೇ ಚಾಚಿದ. ಬಾಟ್ಲಿ ಮೊಂಡು ಬೆರಳುಗಳಲ್ಲಿ ನಿಲ್ಲದೆ ಜಾರಿತು. ನೆಲಕ್ಕೆ ಬೀಳುವ ಮೊದಲು ಸೇಸಪ್ಪ ಹಿಡಿದುಕೊಂಡ.

"ಬ್ಯಾಟರಿಯೂ ಹಳತೇ ಇತ್ತು ಮಾವ."

"ಇರಬಹುದು. ನೀನು ನನ್ನನ್ನು ಉಳಿಸಬೇಡ."

ನವನೀತ ಬಿಸಿಲಿಗೆ ಇಳಿದುಹೋದ. ಅರ್ಧ ಗಂಟೆ ಸೆಗಯಾದ ಗಲ್ಲಿಗಳಲ್ಲಿ ಸುತ್ತಿ, ಅಂಗಿ ಬೆವರಿನಲ್ಲಿ ಒದ್ದೆಯಾಗಿ ಮರಳಿದ. ಕಣ್ಣು ಕೆಂಪಾಗಿತ್ತು.

"ನಾವು ಆ ಅಂಗಡಿಯವಳನ್ನು ನೋಡಿ ನಕ್ಕೆವಲ್ಲ ಮಾವ," ಎಂದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಹೇಳಿದ: "ಅಮ್ಮನಿಗೆ ಹೇಳಬೇಡಿ. ಅವಳಿಗೆ ಬೈಲಿಕ್ಕೆ ನಾನಿದ್ದೇನೆ. ನಂಬಲಿಕ್ಕೆ ನೀವೊಬ್ಬರೇ ಇರುವುದು."

"ಅವಳು ನಿನಗೆ ಬೈದದ್ದೆಲ್ಲ ನನ್ನದು. ನನ್ನ ಪಾಲು ನನಗೆ ಸಿಗಲಿ."

ನವನೀತ ಊರಿಗೆ ತಲುಪುವ ಮೊದಲೇ ಹೇಳಬೇಕಿತ್ತು. ಅವನ ವಿಮಾನ ಏರಿದ ಕೂಡಲೆ ಸೇಸಪ್ಪ ನಿಲ್ದಾಣದ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಫೋನು ಮಾಡಿದ. ಅಕ್ಟೋಬರಿನ ಆ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. "ಕಂಬಳಿ" ಎಂದು ತಾನು ಹೇಳಿದ ಮಾತನ್ನೂ ಬಿಡಲಿಲ್ಲ. ಆ ಕಡೆ ಪ್ರೆಶರ್ ಕುಕ್ಕರ್ ಕೂಗಿತು, ಯಾರೂ ಆರಿಸಲಿಲ್ಲ.

"ಅಣ್ಣ," ಎಂದಳು ಅಮ್ಮಣ್ಣಿ ಕೊನೆಗೆ. "ಐದು ತಿಂಗಳು ನಾನು ಆ ಹುಡುಗನಿಗೆ ಬೈದೆ. ಕೈಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದವನಿಗೆ ಬೈದೆ. ನೀನು ಕೇಳ್ತಾ ಇದ್ದೆ."

"ಏಪ್ರಿಲಿನವರೆಗೆ ನನಗೆ ಗೊತ್ತಿರಲಿಲ್ಲ ತಂಗಿ."

"ಏಪ್ರಿಲಿನ ಮೇಲೆ?"

ಅವಳೇ ಫೋನು ಇಟ್ಟಳು.

ಅಂದಿನಿಂದ ಶುಕ್ರವಾರ ಫೋನು ಬರುವುದಿಲ್ಲ. ಇವನೇ ಮಾಡಿದರೆ ನವನೀತ ಎತ್ತಿಕೊಳ್ಳುತ್ತಾನೆ. "ಅಮ್ಮ ಬಾವಿಕಟ್ಟೆಯಲ್ಲಿದ್ದಾಳೆ," "ಅಮ್ಮ ಮಲಗಿದ್ದಾಳೆ." ಅಮ್ಮನ ಬಳೆಯ ಸದ್ದು ಫೋನಿನ ಹತ್ತಿರದಲ್ಲೇ ಕೇಳಿಸುತ್ತಿರುತ್ತದೆ. ಸೇಸಪ್ಪ "ಆಯ್ತು, ಎಬ್ಬಿಸಬೇಡ" ಎನ್ನುತ್ತಾನೆ.

ಗ್ಯಾರೇಜಿನಲ್ಲಿ ಅವನೀಗ ಪ್ರತಿ ಡಬ್ಬಿಯ ಬೆನ್ನನ್ನೂ ಓದುತ್ತಾನೆ. ಇಂಗ್ಲಿಷು ಕಷ್ಟ, ಅಕ್ಷರ ಅಕ್ಷರ ಕೂಡಿಸಬೇಕು. ಗಿರಾಕಿಗಳು ಹಾರ್ನ್ ಬಾರಿಸುತ್ತಾರೆ, ಕೆಲಸ ನಿಧಾನವಾಯಿತೆಂದು ಮಾಲೀಕ ಗೊಣಗುತ್ತಾನೆ.

ಮೊನ್ನೆ ಒಂದು ಶುಕ್ರವಾರ ನವನೀತನೇ ಫೋನು ಮಾಡಿದ. ಊರಿನಲ್ಲಿ ಹಳೆಯ ಟೆಂಪೊ ಒಂದನ್ನು ಹಿಡಿದಿದ್ದಾನೆ, ಗೇರ್ ಬದಲಿಸಲು ಹೆಬ್ಬೆರಳಿನ ಬುಡ ಸಾಕಾಗುತ್ತದಂತೆ.

"ಮಾವ, ಆಯಿಲ್ ಅಂಗಡಿಯಲ್ಲಿದ್ದೇನೆ."

ಸೇಸಪ್ಪ ಮಂಚದಿಂದ ಎದ್ದು ನಿಂತ. "ಅಮ್ಮ ಕೇಳ್ಲಿಕ್ಕೆ ಹೇಳಿದ್ಳಾ?"

"ಇಲ್ಲ ಮಾವ. ನಾನೇ ಕೇಳುವುದು. ಯಾವುದು ಹಾಕ್ಲಿ?"

"ನನ್ನಲ್ಲಿ ಕೇಳಬೇಡ," ಎಂದ ಸೇಸಪ್ಪ. "ಗಾಡಿಯ ಪುಸ್ತಕದಲ್ಲಿ ಯಾವುದು ಹಾಕಬೇಕು ಅಂತ ಬರೆದಿರ್ತದೆ. ಅಂಗಡಿಯವನನ್ನೂ ಕೇಳು, ಅವನು ಹೇಳಿದ್ದನ್ನು ಪೂರ್ತಿ ಕೇಳು. ಆಮೇಲೆ ಡಬ್ಬಿಯಲ್ಲಿರುವುದನ್ನು ನನಗೆ ಓದಿ ಹೇಳು. ಒಂದಕ್ಷರವನ್ನೂ ಬಿಡಬೇಡ."

ಆ ಕಡೆ ಡಬ್ಬಿ ತಿರುಗಿಸಿದ ಸದ್ದು. ನವನೀತ ನಿಧಾನವಾಗಿ ಓದತೊಡಗಿದ. ಹದಿನೈದು ಎಂದ. ಡಬ್ಲ್ಯೂ ಎಂದು ನಿಂತ. ಸೇಸಪ್ಪ ಕಿಟಕಿಯ ಕಡೆ ತಿರುಗಿ, ತುಟಿಯಲ್ಲೇ, ಅವನ ಹಿಂದೆ ಹೇಳಿಕೊಂಡ.